ಒತ್ತಕ್ಷರದಮ್ಮ ತಿದ್ದದೆ ಬಿಟ್ಟದ್ದು

ಪ್ರೆಸ್ಸಿನಲ್ಲಿ ಎಲ್ಲರೂ ಆಕೆಯನ್ನು ಒತ್ತಕ್ಷರದಮ್ಮ ಎನ್ನುತ್ತಿದ್ದರು. ಅಚ್ಚಿಗೆ ಹೋಗುವ ಮುನ್ನ ಕರಡು ತಿದ್ದುವುದು ಇಪ್ಪತ್ತೆಂಟು ವರ್ಷಗಳಿಂದ ಆಕೆಯ ಕೆಲಸ. ‘ಶುಭಾಷಯ’ ಕಂಡರೆ ಷಕಾರ ಹೊಡೆದು ಶಕಾರ ಬರೆಯುತ್ತಿದ್ದಳು. ಕಂಡಕಂಡಲ್ಲಿ ಅಲ್ಪವಿರಾಮ ಉದುರಿಸಿದವರ ಮೇಲೆ ಸಿಡುಕುತ್ತಿದ್ದಳು. ಒಮ್ಮೆ ಮದುವೆಯ ಕರೆಯೋಲೆಯಲ್ಲಿ ‘ಬಂಧುಮಿತ್ರರ ಮದ್ಯೆ’ ಎಂದಿದ್ದನ್ನು ಹಿಡಿದು, “ಒಂದು ಮಹಾಪ್ರಾಣ ಬಿಟ್ರೆ ನೆಂಟರ ಕೈಗೆಲ್ಲ ಬಾಟ್ಲಿ ಕೊಟ್ಟ ಹಾಗಾಗುತ್ತೆ” ಎಂದಿದ್ದಳು. ಆ ಮಾತು ಪ್ರೆಸ್ಸಿನಲ್ಲಿ ಬಹಳ ದಿನ ಓಡಾಡಿತು.

ಗಂಡ ಟೈಲರ್. ಅವನ ಹೊಲಿಗೆ ಮೆಷಿನ್ನಿಗಿಂತ ಬಾಯಿಯೇ ಜೋರು ಎಂದು ಗಿರಾಕಿಗಳು ನಗುತ್ತಿದ್ದರು. ಹಾಲಿಗೆ ‘ಆಲು’ ಎನ್ನುತ್ತಿದ್ದ. ಹೆಂಡತಿ ತಿದ್ದಿದರೆ, ಅಳತೆ ತಪ್ಪದಿದ್ದರೆ ಸಾಕು ಬಿಡು ಎಂದು ತಳ್ಳಿಹಾಕುತ್ತಿದ್ದ.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲೆತ್ತುವಾಗ ಕುಸಿದುಬಿದ್ದ. ಪಾರ್ಶ್ವವಾಯು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಬಲಗೈ ಸ್ವಾಧೀನದಲ್ಲಿರಲಿಲ್ಲ. ಮಾತು ಉಳಿದಿತ್ತು, ಆದರೆ ಮನಸ್ಸಿನಲ್ಲಿರುವುದು ಒಂದು, ಬಾಯಿಗೆ ಬರುವುದು ಇನ್ನೊಂದು. ಕನ್ನಡಕ ಬೇಕಾದರೆ ‘ಚಮಚ’ ಎನ್ನುತ್ತಿದ್ದ. ಮಗಳು ಬಂದಳೇ ಎಂದು ಕೇಳಲು ಹೋಗಿ ‘ಬಸ್ಸು ಬಂತಾ’ ಎನ್ನುತ್ತಿದ್ದ.

ಆಕೆಗೆ ಗೊತ್ತಿದ್ದ ಮದ್ದು ಒಂದೇ. “ಚಮಚ ಅಲ್ಲ ರೀ, ಕನ್ನಡಕ. ಎಲ್ಲಿ, ಹೇಳಿ ನೋಡೋಣ.” ಸರಿಯಾಗಿ ಹೇಳುವವರೆಗೆ ಕನ್ನಡಕ ಆಕೆಯ ಕೈಯಲ್ಲೇ ಇರುತ್ತಿತ್ತು. ಗಂಡ ಬೆವರುತ್ತಿದ್ದ. ಕೆಲವು ದಿನಗಳಲ್ಲಿ ಎಡಗೈಯಿಂದ ತೋರಿಸತೊಡಗಿದ. ಆಮೇಲೆ ಅದನ್ನೂ ಬಿಟ್ಟು ಗೋಡೆ ನೋಡುತ್ತ ಕೂತ. ಕಾಯಿಲೆ ಬಿಗಡಾಯಿಸಿತು ಎಂದು ಆಕೆ ಕಂಗಾಲಾದಳು.

ಒಂದು ಮಧ್ಯಾಹ್ನ ಪ್ರೆಸ್ಸಿನಿಂದ ಬೇಗ ಬಂದಾಗ ಬೀದಿಯ ತಿರುವಿನಲ್ಲೇ ಗಂಡನ ದನಿ ಕೇಳಿಸಿತು. ಇಸ್ತ್ರಿಯವನ ಬಂಡಿಯ ಪಕ್ಕ ಕುರ್ಚಿ ಹಾಕಿಕೊಂಡು ತಡೆಯಿಲ್ಲದೆ ಮಾತಾಡುತ್ತಿದ್ದ. ಅಂಗಿಗೆ ‘ಬೆಕ್ಕು’ ಎಂದ, ಇಸ್ತ್ರಿಪೆಟ್ಟಿಗೆಗೆ ‘ರೈಲು’ ಎಂದ. ಇಸ್ತ್ರಿಯವನು ರೈಲು ಚೆನ್ನಾಗಿ ಕಾದಿದೆ ಸಾರ್ ಎಂದು ಬೆಕ್ಕಿನ ತೋಳು ಮಡಿಸಿದ. ಇಬ್ಬರೂ ನಗುತ್ತಿದ್ದರು. ಆಕೆಯನ್ನು ಕಂಡದ್ದೇ ತಡ, ಗಂಡನ ಬಾಯಿ ಮುಚ್ಚಿತು.

ಸಂಜೆ ಬಂದ ಮಗಳಿಗೆ ಇದನ್ನು ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. “ಅಮ್ಮ, ನಿನ್ನ ಮುಂದೆ ಅಪ್ಪ ಪರೀಕ್ಷೆಗೆ ಕೂತ ಹಾಗೆ ಕೂತಿರ್ತಾರೆ. ಅವರಿಗೆ ಮಾತು ಹೋಗಿಲ್ಲ, ನಿನ್ನ ಹತ್ರ ಆಡೋಕೆ ಭಯ.”

ಆಕೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ ಅತ್ತಳು.

ತಿದ್ದುವುದನ್ನು ಬಿಡುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ತಪ್ಪು ಕಿವಿಗೆ ಬಿದ್ದರೆ ಸರಿ ಶಬ್ದ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ತುಟಿ ಕಚ್ಚಿ ಕೈಗೆ ಸಿಕ್ಕ ಬಟ್ಟೆ ಮಡಿಸುತ್ತಿದ್ದಳು. ಎರಡು ವಾರ ಗಂಡ ಆಕೆಯನ್ನು ನಂಬಲಿಲ್ಲ. ಆಮೇಲೆ ದಿನಕ್ಕೆ ಒಂದೋ ಎರಡೋ ಶಬ್ದ ಹೊರಬಂದವು.

ಒಂದು ದಿನ ಆಕೆ ಅವನ ಅಂಗಿಗೆ ಗುಂಡಿ ಹಾಕುತ್ತಿದ್ದಾಗ ಮುಖ ದಿಟ್ಟಿಸಿ ಕೇಳಿದ: “ಅಕ್ಕಾ, ಸುಸ್ತಾಯ್ತಾ?”

ತೀರಿಹೋದ ಅಕ್ಕನನ್ನು ಅವನು ಕರೆಯುತ್ತಿದ್ದುದು ಅದೇ ದನಿಯಲ್ಲಿ. ಆಕೆಯ ಕೈ ಗುಂಡಿಯ ಮೇಲೇ ನಿಂತಿತು. ಮೂವತ್ತೆರಡು ವರ್ಷ ಸಂಸಾರ ಮಾಡಿದವಳು ನಾನು ಎಂಬುದು ಗಂಟಲವರೆಗೆ ಬಂತು. ನುಂಗಿಕೊಂಡಳು.

“ಸ್ವಲ್ಪ ಆಯ್ತು ರೀ.”

ಮರುಗಳಿಗೆ ತಪ್ಪು ಅವನಿಗೇ ಹೊಳೆದು ಎಡಗೈಯಿಂದ ಹಣೆ ಚಚ್ಚಿಕೊಂಡ. ಆಕೆಯ ಹೆಸರಿಗಾಗಿ ತಡಕಾಡಿದ, ಸಿಗಲಿಲ್ಲ, ಕಣ್ಣು ತುಂಬಿತು. ಆಕೆ ಆ ಕೈ ಹಿಡಿದುಕೊಂಡಳು, ಹೆಸರು ಹೇಳಿಕೊಡಲಿಲ್ಲ. ಹೇಳಿಕೊಡಬೇಕಿತ್ತೋ, ಬಿಟ್ಟದ್ದೇ ಒಳ್ಳೆಯದಾಯಿತೋ, ಆಕೆಗೆ ಇವತ್ತಿಗೂ ಬಗೆಹರಿದಿಲ್ಲ.

ಮಾರನೆಯ ದಿನವೂ ಅಕ್ಕ ಎಂದೇ ಕರೆದ. ಆಕೆ ಓಗೊಟ್ಟು ಹೋದಳು.