ಸಿದ್ದರಾಜು ತಂದ ತಣ್ಣನೆಯ ಪೆಟ್ಟಿಗೆ

ಸಾವಿನ ಮನೆಗೆ ಬಂದವರು ಮೊದಲು ಸತ್ತವರ ಮುಖ ನೋಡುತ್ತಾರೆ. ಸಿದ್ದರಾಜು ಮೊದಲು ಮೀಟರ್ ಬೋರ್ಡ್ ನೋಡುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಯಾರನ್ನೂ ಮಾತಾಡಿಸದೆ, ಪಿಂಗಾಣಿ ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿದು ಅದರೊಳಗಿನ ತಂತಿಯನ್ನು ನೋಡುವರು. ದೇಹ ಎಲ್ಲಿದೆ ಎಂದು ಕೇಳುತ್ತಿದ್ದುದು ಆಮೇಲೆ.

ತೊಂಬತ್ತರ ದಶಕದಲ್ಲಿ ಅವರು ನಂಜನಗೂಡಿನ ಪೇಟೆಯಲ್ಲಿ ಫ್ರಿಜ್, ಐಸ್‌ಕ್ಯಾಂಡಿ ಮಿಷನ್ ರಿಪೇರಿ ಮಾಡುತ್ತಿದ್ದರಂತೆ. ಆಮೇಲೆ ಹೆಣ ಕೆಡದಂತೆ ಇಡುವ ಫ್ರೀಜರ್ ಪೆಟ್ಟಿಗೆಯೊಂದನ್ನು ತಂದು ಸುತ್ತಿನ ಊರುಗಳಿಗೆ ಬಾಡಿಗೆಗೆ ಕೊಡತೊಡಗಿದರು. ಇಳಿಸಿ ಹೋಗಿಬಿಡುವವರಲ್ಲ. ದೇಹ ಎತ್ತುವವರೆಗೂ ಆ ಮನೆಯ ಜಗುಲಿಯಲ್ಲೇ ಇರುವರು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ. ಯಾರಾದರೂ ಹತ್ತಿರ ಬಂದು ಗೋಳಾಡಿದರೆ, "ಅಳೋರು ಅಳ್ಲಿ. ಕರೆಂಟು ನಾನ್ ನೋಡ್ಕತೀನಿ" ಎನ್ನುವರು, ಅಷ್ಟೇ.

ನಮ್ಮಪ್ಪ ತಿ. ನರಸೀಪುರದ ಮನೆಯಲ್ಲಿ ತೀರಿಕೊಂಡಾಗ ಅಣ್ಣ ಮಿಲಿಟರಿಯಲ್ಲಿ, ಅಸ್ಸಾಮಿನಲ್ಲಿದ್ದ. ಮಾರನೆಯ ದಿನ ಸಂಜೆಗೆ ಬರುತ್ತೇನೆ, ಮುಖ ನೋಡಬೇಕು, ಇಟ್ಟಿರಿ ಎಂದು ಫೋನ್ ಮಾಡಿದ್ದ. ಹಾಗಾಗಿ ಸಿದ್ದರಾಜು ಬಂದರು. ಬೇಸಿಗೆ. ಪೆಟ್ಟಿಗೆ ಶುರುವಾದ ಸ್ವಲ್ಪ ಹೊತ್ತಿಗೆ ಫ್ಯೂಸ್ ಹೋಯಿತು. ಹೊಸ ತಂತಿ ಕಟ್ಟಿದರು. ಮತ್ತೆ ಹೋಯಿತು. ನನಗೆ ಅಳು ಬಂದಿರಲಿಲ್ಲ. ಅವರ ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. "ಇದ ಇಡ್ಕಂಡಿರಿ ಅಕ್ಕ" ಎಂದು ಇನ್ನೊಂದು ಫ್ಯೂಸನ್ನು ನನ್ನ ಕೈಗೆ ಕೊಟ್ಟರು. ಹಿಡಿದುಕೊಂಡೆ.

ಚಿಕ್ಕಪ್ಪ ಎಲ್ಲಿಂದಲೋ ದಪ್ಪ ತಾಮ್ರದ ತಂತಿ ತಂದರು.

"ಇದ್ನ ಕಟ್ಬುಡಪ್ಪ. ಮತ್ತೆ ಓಗಾಕಿಲ್ಲ."

"ಓಗಾಕಿಲ್ಲ ಸಾ. ಅದ್ಕೇ ಬ್ಯಾಡ."

"ಒಳಗೆ ನಮ್ಮಣ್ಣ ಕೆಡ್ತಾವ್ನೆ ಕಣಯ್ಯ."

ಸಿದ್ದರಾಜು ದನಿ ಏರಿಸಲಿಲ್ಲ. "ಪೆಟ್ಗೆ ತಗಡಿಂದು ಸಾ. ಎಲ್ರೂ ತಬ್ಕೊಂಡ್ ಅಳ್ತಾರೆ. ಅದ್ರ ಮೈಗೆ ಕರೆಂಟ್ ಬಂದ್ರೆ ಫ್ಯೂಸ್ ಓಗ್ಬೇಕು. ಒಂದ್ ಊರಲ್ಲಿ ನಾನು ಟೀ ಕುಡ್ದು ಬರೋಷ್ಟ್ರಲ್ಲಿ ಯಾರೋ ಇಂಥದ್ನೇ ಕಟ್ಟಿದ್ರು. ತೀರ್ಕೊಂಡಿದ್ದು ತಾಯಿ. ಮಗ್ಳು ತಬ್ಕೊಂಡ್ಲು." ಕೈಯಲ್ಲಿದ್ದ ಫ್ಯೂಸಿನ ಸುಟ್ಟ ತಂತಿ ಬಿಚ್ಚುತ್ತ, "ಅವತ್ತಿಂದ ನಾನು ಟೀಗೂ ಓಗಲ್ಲ" ಎಂದರು.

ಚಿಕ್ಕಪ್ಪ ತಂತಿಯನ್ನು ಕೈಯಲ್ಲೇ ಸುತ್ತಿಕೊಂಡು ಹೊರಗೆ ಹೋದರು. ಸಿದ್ದರಾಜು ಮನೆಯೊಳಗೆಲ್ಲ ಒಂದು ಸುತ್ತು ಬಂದರು. ಬಚ್ಚಲಲ್ಲಿ ನೆಂಟರು ಯಾರೋ ಸ್ನಾನಕ್ಕೆಂದು ಬಕೆಟ್ಟಿನಲ್ಲಿ ಹೀಟರ್ ಕಾಯಿಲ್ ಇಳಿಬಿಟ್ಟಿದ್ದರು. ಸ್ವಿಚ್ ಆರಿಸಿ ಅದನ್ನು ಎತ್ತಿಟ್ಟರು. "ನೀರ ಒಲೆ ಮ್ಯಾಲೆ ಕಾಯ್ಸ್ಕಳಿ ತಾಯಿ. ಬಿಸೀದು ತಣ್ಣಂದು ಎರಡ್ನೂ ಈ ಲೈನು ತಡ್ಯಲ್ಲ" ಎಂದು ಅಡುಗೆಮನೆಗೆ ಕೇಳುವಂತೆ ಹೇಳಿ, ನನ್ನ ಕೈಯಿಂದ ಫ್ಯೂಸ್ ತೆಗೆದು ಸಿಕ್ಕಿಸಿದರು. ಪೆಟ್ಟಿಗೆ ಗುಂಯ್‌ಗುಟ್ಟಿತು. ಅದು ಆಮೇಲೆ ನಿಲ್ಲಲಿಲ್ಲ. ಮಾರನೆಯ ಸಂಜೆ ಅಣ್ಣ ಯೂನಿಫಾರ್ಮಿನಲ್ಲೇ ಬಂದ. ಅಪ್ಪನ ಮುಖ ಮಲಗಿದ್ದವರ ಮುಖದಂತೆಯೇ ಇತ್ತು. ಅಣ್ಣ ಪೆಟ್ಟಿಗೆಯ ಮೇಲೆ ಬಿದ್ದು ಅತ್ತ. ಸಿದ್ದರಾಜು ಬೋರ್ಡಿನ ಹತ್ತಿರ ನಿಂತೇ ಇದ್ದರು.

ಎಷ್ಟೋ ವರ್ಷಗಳ ಮೇಲೆ, ಒಂದು ಬೆಳಗ್ಗೆ ಅಮ್ಮ ಹೋದರು. ಅಣ್ಣ ಅಷ್ಟರಲ್ಲಿ ರಿಟೈರಾಗಿ ಊರಿಗೇ ಬಂದಿದ್ದ. ಅಮ್ಮನ ತಲೆ ಅವನ ತೊಡೆಯ ಮೇಲಿತ್ತು. ನಾನು ಎದ್ದುಹೋಗಿ ಸಿದ್ದರಾಜು ಅವರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಹೆಂಡತಿ.

"ಅವ್ರು ತೀರೋದ್ರು ಕಣವ್ವ. ಶ್ರಾವಣದಲ್ಲಿ."

"ಪೆಟ್ಟಿಗೆಯಲ್ಲಿ ಇಟ್ಟಿದ್ರಾ?" ಎಂದು ಕೇಳಿಬಿಟ್ಟೆ.

"ಇಲ್ಲ ಕಣವ್ವ. ಯಾರು ಬರ್ಬೇಕಿತ್ತು? ಎಲ್ರೂ ಇಲ್ಲೇ ಇದ್ವಿ. ಮಧ್ಯಾನ್ಕೇ ಎತ್ತುದ್ರು." ಆಮೇಲೆ ಆಕೆಯೇ, "ನಿಮ್ಗೆ ಪೆಟ್ಗೆ ಬೇಕಿತ್ತಾ?" ಎಂದರು.

ಒಳಗೆ ನೋಡಿದೆ. ಬರಬೇಕಾದವರು ಯಾರೂ ಉಳಿದಿರಲಿಲ್ಲ. ಹಾಗಿದ್ದೂ ಫೋನ್ ಯಾಕೆ ಮಾಡಿದೆನೋ ನನಗೇ ಗೊತ್ತಾಗಲಿಲ್ಲ.

"ಬೇಡಮ್ಮ" ಎಂದು ಫೋನ್ ಇಟ್ಟೆ.