ಬಾಬುಮಿಯಾ ಬಿಟ್ಟ ಕೂಗು

೧೯೭೪ನೇ ಇಸವಿ ಏಪ್ರಿಲ್ ೨೧, ಭಾನುವಾರ. ಕಡುಬೇಸಿಗೆ, ಗಾಳಿಯ ಸುಳಿವೂ ಇರಲಿಲ್ಲ. ಭಂಕೂರಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಬಿಡಿಸುತ್ತಿದ್ದ ಬಾಬುಮಿಯಾ, ಟಿಟ್ಟಿಭ ಹಕ್ಕಿಯ ಮರಿಯ ಕೂಗನ್ನು ಬಾಯಿಂದಲೇ ತೆಗೆಯಬಲ್ಲವನಾಗಿದ್ದ. ಅವನ ಕಿರಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದ ನನಗೆ ಹಕ್ಕಿ ನೋಡುವ ಹವ್ಯಾಸ. ಅಂದು ಅವನು ತೋರಿಸಿದ ಬರಿಗಲ್ಲಿನ ಮೇಲೆ ತಾಯಿಹಕ್ಕಿಯೊಂದು ನಾಲ್ಕು ಮೊಟ್ಟೆಗಳಿಗೆ ನೆರಳಾಗಿ ನಿಂತಿತ್ತು. ಅವುಗಳಿಗಾಗಿ ಹನ್ನೆರಡು ದಿನಗಳಿಂದ ಅವನು ಆ ಕಲ್ಲಿಗೆ ಉಳಿ ಮುಟ್ಟಿಸಿರಲಿಲ್ಲ.

ಅವನು ಮರಿಯಂತೆ ಕೂಗಿದ. ಹಕ್ಕಿ ಮೊಟ್ಟೆಗಳನ್ನು ಬಿಟ್ಟು ನಮ್ಮತ್ತ ಓಡಿಬಂತು. ಇನ್ನೊಮ್ಮೆ ಕೂಗೆಂದೆ.

“ಸಾಕ್ರಿ ಮಾಸ್ತರ. ಫರಸಿ ಹಂಚಿನಂಗ ಕಾದದ. ತತ್ತಿ ಸುಡ್ತಾವ.”

“ಹಕ್ಕಿಗಿಂತ ನಿನಗೇ ಭಾಳ ಚಿಂತಿ! ನೀನೇ ಕಾವು ಕುಂದರ್ತೀ ಏನು?” ಎಂದು ನಕ್ಕೆ.

ಮಾಸ್ತರನ ಮಾತು ಮೀರಲಾರದೆ ಅವನು ಒಂದು ಗಂಟೆಯವರೆಗೆ ಕೂಗುತ್ತಲೇ ಇದ್ದ. ಇಲ್ಲದ ಮರಿಗಾಗಿ ಹಕ್ಕಿ ಕಲ್ಲುಗಳ ನಡುವೆ ಹುಡುಕುತ್ತಲೇ ಇತ್ತು.

ಕೊನೆಗೆ ಬಾಬುಮಿಯಾ ಸುಡುತ್ತಿದ್ದ ಮೊಟ್ಟೆ ಮುಟ್ಟಿದವನೇ ಕೈ ಹಿಂದೆಗೆದುಕೊಂಡ. “ನಾ ಕರದೆ, ನಂಬಿ ಬಂದಳ್ರಿ,” ಎಂದು ಅಲ್ಲೇ ಕುಳಿತು ಅತ್ತ.

ಆ ಹಕ್ಕಿ ಮರಳಿ ಬಂದು, ಮೇ ೧೬ರವರೆಗೂ ಆ ಮೊಟ್ಟೆಗಳಿಗೆ ನೆರಳಾಗಿ ನಿಂತಿತ್ತು. ಒಂದೂ ಒಡೆದು ಮರಿಯಾಗಲಿಲ್ಲ. ಬಾಬುಮಿಯಾ ೧೯೮೧ರ ನವೆಂಬರ್ ೩ರಂದು ತೀರಿಕೊಂಡ. ಅಲ್ಲಿಯವರೆಗೆ, ಮೊಮ್ಮಕ್ಕಳು ಕಾಡಿ ಕೇಳಿದಾಗಲೂ, ಅವನು ಆ ಕೂಗನ್ನು ತೆಗೆಯಲಿಲ್ಲ.