ಅಮೋಸ್‌ನ ಜಟೆ

ಅಮೋಸ್‌ನ ಜಟೆಯನ್ನು ಕತ್ತರಿಸಲು ಹೇಳಿದವನು ನಾನು. ವೈದ್ಯರಲ್ಲ — ನಾನು. ಬೇರೆ ದಾರಿಯೇ ಇರಲಿಲ್ಲ ಎಂದು ಅವನಿಗೆ ಸುಳ್ಳು ಹೇಳಿದವನೂ ನಾನೇ. ಆ ಸುಳ್ಳನ್ನು ನಂಬಿಕೊಂಡೇ ಅವನು ಸತ್ತ.

ಅವನು ಜಮೈಕಾದ ಬೆಟ್ಟದೂರೊಂದರಿಂದ ಹರೆಯದಲ್ಲೇ ಬ್ರೂಕ್ಲಿನ್‌ಗೆ ಬಂದವನು. ರಾಸ್ತಾಫರಿ ಪಂಥದವನು. ಮಾಂಸ, ಮದ್ಯ ಮುಟ್ಟದವನು. ದೇವರನ್ನು ‘ಜಾ’ ಎಂದು ಕರೆಯುವವನು. ತಲೆಗೆ ಕತ್ತರಿ ಸೋಕಿಸುವುದಿಲ್ಲವೆಂದು ವ್ರತ ತೊಟ್ಟವನು. ವಾರವಿಡೀ ಮನೆಗಳಿಗೆ ಬಣ್ಣ ಬಳಿದು, ವಾರಾಂತ್ಯದಲ್ಲಿ ರೆಗೆ ಹಾಡುತ್ತಿದ್ದ. ಕುಣಿಸುವ ರೆಗೆಯಲ್ಲ, ಹಡಗಿನಲ್ಲಿ ಸರಪಳಿ ಬಿಗಿಸಿಕೊಂಡು ಬಂದವರ ಮಕ್ಕಳು ಮೊಮ್ಮಕ್ಕಳು ಆಫ್ರಿಕಾವನ್ನು ನೆನೆದು ಹಾಡುವ ಹಳೆಯ ಬಗೆಯದು. ಎರಡು ಆಲ್ಬಂ ಬಂದಿದ್ದವು. ಒಮ್ಮೆ ಯುರೋಪಿನಲ್ಲೆಲ್ಲ ಹಾಡಿ ಬಂದಿದ್ದ. ಅಲ್ಲಿ ಜನ ಎದ್ದು ನಿಂತು ಕೇಳಿದರಂತೆ. ಇಲ್ಲಿ, ಆಮೇಲೆ ಬಂದು ನೆಲೆಸಿದ ನ್ಯೂವಾರ್ಕ್‌ನಲ್ಲಿ, ಅವನು ಹಾಡುಗಾರನೆಂದು ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ.

ನಾನು ಮೈಸೂರಿನವನು, ಜರ್ಸಿ ಸಿಟಿಯ ಬ್ಯಾಂಕೊಂದರ ಬ್ಯಾಕ್ ಆಫೀಸಿನಲ್ಲಿ ಕೂತು ಸವೆದವನು. ಒಂದು ಬೇಸಿಗೆ, ಪಾರ್ಕಿನಲ್ಲಿ ಅವನ ಸ್ಪೀಕರು ಕಿರುಚುತ್ತಿದ್ದಾಗ ಹೋಗಿ ಸರಿಮಾಡಿಕೊಟ್ಟೆ. ಅಂದಿನಿಂದ ಅವನ ಸೌಂಡ್ ನನ್ನ ಪಾಲಿಗೆ ಬಂತು. ಕ್ರಮೇಣ ಕಾರ್ಯಕ್ರಮ ಗೊತ್ತುಮಾಡುವುದೂ ನನಗೇ ಬಂತು. ಅವನ ದನಿ — ಹೇಗೆ ಹೇಳಲಿ — ಪಿಸುಗುಟ್ಟಿದರೂ ಕೊನೆಯ ಸಾಲಿನವರ ಎದೆಗೆ... ಅದನ್ನು ಎಲ್ಲರಿಗೂ ಕೇಳಿಸಬೇಕು ಎಂಬ ಹಟ ನನಗೆ ಹತ್ತಿತು. ಹಟ ಅವನದಲ್ಲ, ನನ್ನದು. ಇದನ್ನು ಸ್ಪಷ್ಟವಾಗಿ ಹೇಳಬೇಕು.

ಕೊನೆಗೊಂದು ದೊಡ್ಡ ಉತ್ಸವದವರು ಕರೆದರು. ನಾನು ಅವನನ್ನು ಕೇಳದೆಯೇ ಒಪ್ಪಿಕೊಂಡೆ. ಮನೆಯಲ್ಲಿ ಹೆಂಡತಿ ಸುಮಾಗೆ, “ಇದೊಂದು ಆಗ್ಲಿ, ಆಮೇಲೆ ನಾನು ಬ್ಯಾಂಕಿಗೆ ಕಮ್ಯೂಟ್ ಮಾಡೋದೇ ಬೇಡ” ಎಂದಿದ್ದೆ. ಮರುದಿನ ಪಕ್ಕದ ಊರಾದ ಹ್ಯಾರಿಸನ್‌ನ ರಿಹರ್ಸಲ್ ಹಾಲ್‌ನಲ್ಲಿ ಅಮೋಸ್‌ಗೆ ತಿಳಿಸಿದೆ. ಉತ್ಸವ ನಡೆಸುವವರು ಯಾರು ಎಂದು ಕೇಳಿದ. ಬಿಯರ್ ಕಂಪನಿ ಎಂದೆ.

“ಆ ಬೋರ್ಡಿನ ಕೆಳಗೆ ನಿಂತು ‘ಜಾ’ನ ಹೆಸರೆತ್ತಲಾರೆ, ತಮ್ಮಾ” ಎಂದ. ಮೆಲ್ಲಗೇ ಹೇಳಿದ.

ನಾನು ಮೆಲ್ಲಗೆ ಮಾತಾಡಲಿಲ್ಲ. ನಿನ್ನ ವ್ರತಕ್ಕೆ ನನ್ನ ಬದುಕೂ ಬಲಿಯಾಗಬೇಕೇ ಎಂದೆ, ಇನ್ನೂ ಏನೇನೋ ಅಂದೆ. ಅವನು ಕೋಟು ಹಾಕಿಕೊಂಡು ಹೊರಟ. ಪಾರ್ಕಿಂಗ್ ಲಾಟ್‌ನಲ್ಲಿ ಕಣ್ಣಿಗೆ ಕಾಣದಂತೆ ಹೆಪ್ಪುಗಟ್ಟಿದ್ದ ಐಸ್ ಮೇಲೆ ಜಾರಿ, ತಲೆಯ ಹಿಂಭಾಗ ನೆಲಕ್ಕೆ ಅಪ್ಪಳಿಸುವಂತೆ ಬಿದ್ದ.

ನಾನು ಆಸ್ಪತ್ರೆಗೆ ತಲುಪಿಸುವಷ್ಟರಲ್ಲಿ ಅವನಿಗೆ ಪ್ರಜ್ಞೆಯಿರಲಿಲ್ಲ. ಮೆದುಳಿನ ಮೇಲೆ ರಕ್ತ ಕಟ್ಟಿದೆ, ಕೂಡಲೇ ತೆರೆಯಬೇಕು ಎಂದರು. ಮಗಳು ನಯೋಮಿ ಅಟ್ಲಾಂಟಾದಿಂದ ಬರುವ ವಿಮಾನದಲ್ಲಿದ್ದಳು. ತನ್ನ ಪರವಾಗಿ ನಿರ್ಧರಿಸುವವನೆಂದು ಅವನು ಆಸ್ಪತ್ರೆಯ ಕಾಗದದಲ್ಲಿ ಮೊದಲೇ ಹೆಸರು ಕೊಟ್ಟಿದ್ದು ನನ್ನದು. ನರ್ಸ್ ಬಂದು ಕೇಳಿದಳು: “ಒಂದು ಪಕ್ಕ ಬೋಳಿಸಿದರೂ ಸಾಕು. ಉಳಿದದ್ದನ್ನು ಮೇಲೆತ್ತಿ ಕಟ್ಟುತ್ತೇವೆ. ಇಂಥ ಕೂದಲು ಎಷ್ಟೋ ಜನರಿಗೆ ಪವಿತ್ರ, ಅದಕ್ಕೇ ಕೇಳುತ್ತಿದ್ದೇನೆ.”

ಅವಳು ಅವಸರಪಡಿಸಲಿಲ್ಲ, ಅವಳ ದನಿಯಲ್ಲಿ ಗೌರವವಿತ್ತು. ನನಗೆ ಎಲ್ಲವೂ ಅರ್ಥವಾಗಿತ್ತು.

“ಎಲ್ಲ ತೆಗೆದುಬಿಡಿ” ಎಂದೆ.

ಗಾಬರಿಯಲ್ಲಿ ಅಂದೆನೆಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡೆ. ಗಾಬರಿ ಇತ್ತು, ನಿಜ. ಆದರೆ ಆ ಎರಡು ಮಾತು ಬಾಯಿಂದ ಬಿದ್ದಾಗ ಎದೆಯಲ್ಲಿ ಏನೋ ತಣ್ಣಗಾಯಿತು — ಸೇಡು ತೀರಿದಾಗ ಆಗುವಂಥದು. ಇಷ್ಟನ್ನು ಬರೆಯುವುದಕ್ಕೇ ನನಗೆ ಇಷ್ಟು ವರ್ಷ ಬೇಕಾಯಿತು.

ಅವನು ಬದುಕಿದ. ಎಚ್ಚರವಾದಾಗ ಕೈ ಮೊದಲು ಹೋದದ್ದು ತಲೆಗೆ. ನಯೋಮಿ ಅಪ್ಪನ ಪಕ್ಕದಲ್ಲೇ ಇದ್ದಳು. ನಾನು ಮುಂದೆ ಬಂದು, “ಡಾಕ್ಟರಿಗೆ ಬೇರೆ ದಾರಿಯಿರಲಿಲ್ಲ, ಅಮೋಸ್. ಪ್ರಾಣದ ಪ್ರಶ್ನೆಯಾಗಿತ್ತು” ಎಂದೆ. ಅವನು ಬೋಳು ತಲೆಯಿಂದ ಕೈ ತೆಗೆದ. ಆಮೇಲೆ ನನ್ನ ಕೈ ಹಿಡಿದುಕೊಂಡು — ನನ್ನ ಕೈಯನ್ನು — “ನೀನಿದ್ದೆಯಲ್ಲ, ಅಷ್ಟು ಸಾಕು” ಎಂದ.

ಅವನು ಮತ್ತೆಂದೂ ವೇದಿಕೆ ಹತ್ತಲಿಲ್ಲ. ದನಿ ಹಾಗೇ ಇತ್ತು. ಆದರೆ ಜಾ ತಾನು ಕೊಟ್ಟಿದ್ದ ಜಟೆಯ ಕಿರೀಟವನ್ನು ವಾಪಸು ತೆಗೆದುಕೊಂಡ ಎಂದೇ ಅವನು ನಂಬಿದ. ಭಾನುವಾರ ನಾನು ಹೋದಾಗಲೆಲ್ಲ, ಉಣ್ಣೆಯ ಟೋಪಿ ತೊಟ್ಟು ಕಿಟಕಿಯ ಬಳಿ ಕೂತು ತನ್ನ ಬದುಕನ್ನೆಲ್ಲ ಕೆದಕುತ್ತಿದ್ದ. “ಯುರೋಪಿನಲ್ಲಿ ಚಪ್ಪಾಳೆ ಬಿದ್ದಾಗ ನನಗೆ ಗರ್ವ ಬಂದಿತ್ತೇನೋ”, “ನಯೋಮಿಯ ತಾಯಿಗೆ ಅನ್ಯಾಯ ಮಾಡಿದ್ದಕ್ಕಿರಬಹುದು.” ತಾನು ಮಾಡದ ತಪ್ಪನ್ನು ಅವನು ತನ್ನೊಳಗೇ ಹುಡುಕುತ್ತಿದ್ದ. ಮಾಡಿದವನು ಎದುರಿಗೆ ಕೂತು ಅವನು ಮಾಡಿಕೊಟ್ಟ ಶುಂಠಿ ಚಹಾ ಕುಡಿಯುತ್ತಿದ್ದ.

ಸುಮಾಗೆ ಒಂದು ದಿನ ಹೇಳಿದೆ. “ಹೋಗಿ ಹೇಳ್ಬಿಡ್ರೀ. ಹಿ ವಿಲ್ ಫರ್ಗಿವ್ ಯೂ. ಅವರು ಅಂಥವ್ರು” ಎಂದಳು.

“ಅದೇ ಭಯ ಕಣೇ” ಎಂದೆ. ಬೈದರೆ ತಡೆದುಕೊಳ್ಳಬಹುದಿತ್ತು... ಕ್ಷಮಿಸಿಬಿಟ್ಟರೆ?

ಹಾಗೆ ತಳ್ಳುತ್ತ ತಳ್ಳುತ್ತ ಕಾಲ ಹೋಯಿತು. ಕಳೆದ ವಸಂತದಲ್ಲಿ ಅವನ ಹೃದಯ ನಿಂತಿತು. ಕೂದಲು ಆಗಷ್ಟೇ ಮತ್ತೆ ಜಟೆಗಟ್ಟಿ ಹೆಗಲು ಮುಟ್ಟಿತ್ತು.

ಅಂತ್ಯಕ್ರಿಯೆಯ ದಿನ ಅವನ ಪಂಥದ, ಡೋಲು ಬಾರಿಸುವ ಹಿರಿಯರೊಬ್ಬರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. “ನಮ್ಮ ಅಮೋಸ್‌ನ ಪ್ರಾಣ ಉಳಿಸಿದ ಸೋದರ ಇವನು” ಎಂದರು. ಎಲ್ಲರೂ ಎದೆಯ ಮೇಲೆ ಕೈಯಿಟ್ಟು ನನಗೆ ವಂದಿಸಿದರು. ನಾನೂ ತಲೆಬಾಗಿ ಸ್ವೀಕರಿಸಿದೆ. ಮೊದಲಿನ ತಪ್ಪಿಗಿಂತ ಇದು ದೊಡ್ಡದೋ ಸಣ್ಣದೋ — ಗೊತ್ತಿಲ್ಲ.

ಮರುವಾರ ನಯೋಮಿಗೆ ಎಲ್ಲವನ್ನೂ ಹೇಳಿದೆ. ಅವಳು ಅಪ್ಪನ ಬಟ್ಟೆಗಳನ್ನು ಮಡಚುತ್ತಿದ್ದಳು, ಮಡಚುವುದನ್ನು ನಿಲ್ಲಿಸಲಿಲ್ಲ.

“ಅಪ್ಪ ಕೊನೆಯವರೆಗೂ ತನ್ನನ್ನೇ ದೂರಿಕೊಂಡ. ನೀವು ಅದನ್ನು ಕೂತು ಕೇಳಿದಿರಿ” ಎಂದಳು.

“ಹೌದು.”

“ನನಗೆ ಹೇಳಿದ್ದು ಸಾಲದು, ಅಂಕಲ್. ವಂದನೆ ತೆಗೆದುಕೊಂಡಿರಲ್ಲ, ಅವರಿಗೆ ಹೇಳಿ.”

ಆ ಪಂಥದವರು ಭಾನುವಾರಗಳಂದು ಸೇರುವ ಕೋಣೆಗೆ ಹೋದೆ. ಹಿರಿಯರು ಡೋಲಿನ ಹಗ್ಗ ಬಿಗಿಯುತ್ತಿದ್ದರು, ಹತ್ತಾರು ಜನರಿದ್ದರು. ನರ್ಸ್ ಕೇಳಿದ್ದು, ನಾನು ಹೇಳಿದ್ದು, ಆಗ ಎದೆ ತಣ್ಣಗಾದದ್ದು, ಒಂದನ್ನೂ ಬಿಡದೆ ಹೇಳಿದೆ. ಮುಗಿದಾಗ ಒಬ್ಬ ಹೆಂಗಸು ಮುಖ ತಿರುಗಿಸಿದಳು. ಹಿರಿಯರು ಡೋಲನ್ನು ಮೊಣಕಾಲುಗಳ ನಡುವೆ ಇರಿಸಿಕೊಂಡು ಬಾರಿಸತೊಡಗಿದರು, ಉಳಿದವರು ದನಿಗೂಡಿಸಿದರು.

ಹೊರಗೆ ಹೋಗು ಎಂದು ಯಾರೂ ಅನ್ನಲಿಲ್ಲ. ಕೂತುಕೋ ಎಂದೂ ಅನ್ನಲಿಲ್ಲ. ಅವರು ಹಾಡುತ್ತಿದ್ದಷ್ಟು ಹೊತ್ತೂ ನಾನು ಬಾಗಿಲ ಬಳಿ ನಿಂತಿದ್ದೆ.